‘ಬರೀ ವೈನ್ ಡಾಕ್ಟ್ರೇ, ಅಷ್ಟೇ’

ಎದೆ ಉರಿ ಅಂತ ಬಂದವರನ್ನು ನಾನು ಮೊದಲು ಕೇಳುವುದು ರಾತ್ರಿ ಊಟದ ಹೊತ್ತು. ಆಮೇಲೆ ಕುಡಿತ. ಶಿವಮೊಗ್ಗದ ನಮ್ಮ ಕ್ಲಿನಿಕ್ಕಿನಲ್ಲಿ ಎರಡನೇ ಪ್ರಶ್ನೆಗೆ ಈಚೆಗೆ ಒಂದು ಉತ್ತರ ಜಾಸ್ತಿ ಸಿಗುತ್ತಿದೆ. ‘ಛೇ, ಅದೆಲ್ಲ ಇಲ್ಲ. ಯಾವಾಗಲಾದರೂ ವೈನ್, ಅಷ್ಟೇ.’ ವಿಸ್ಕಿ ಕುಡಿಯುವವರು ಸಂಕೋಚಪಟ್ಟುಕೊಂಡಾದರೂ ಲೆಕ್ಕ ಹೇಳುತ್ತಾರೆ. ವೈನ್ ಮಾತ್ರ ಲೆಕ್ಕಕ್ಕೇ ಬರುವುದಿಲ್ಲ.

ಅದಕ್ಕೆ ಕಾರಣವೂ ಇದೆ. ಮಲೆನಾಡಿನ ಎಷ್ಟೋ ಮನೆಗಳಿಗೆ ವೈನ್ ಅಂಗಡಿಯಿಂದ ಬರುವುದಿಲ್ಲ, ಅಡುಗೆಮನೆಯ ಭರಣಿಯಿಂದ ಬರುತ್ತದೆ. ನೇರಳೆ, ಗೇರುಹಣ್ಣು, ನೆಲ್ಲಿಕಾಯಿ, ಶುಂಠಿ, ವೀಳ್ಯದೆಲೆಯದ್ದೂ ಉಂಟು. ಹಣ್ಣು, ಸಕ್ಕರೆ, ಚೂರು ಈಸ್ಟ್ ಹಾಕಿ, ಬಾಯಿಗೆ ಬಟ್ಟೆ ಕಟ್ಟಿ ಕೆಲವು ವಾರ ಇಟ್ಟರೆ ಆಯಿತು. ‘ನಮ್ಮತ್ತೆ ಮಾಡಿದ್ದು, ಕೆಮಿಕಲ್ ಇಲ್ಲ’ ಅಂದುಬಿಟ್ಟರೆ ಅದು ಶರಬತ್ತಿನ ಸಾಲಿಗೆ ಸೇರಿತು. ಆದರೆ ಈಸ್ಟ್ ಸಕ್ಕರೆಯನ್ನು ತಿಂದು ಮಾಡುವುದು ಆಲ್ಕೋಹಾಲನ್ನೇ ಅಲ್ವಾ? ಅಂಗಡಿ ಬಾಟಲಿಯ ಮೇಲೆ ಶೇ. 12 ಅಂತಲೋ 13 ಅಂತಲೋ ಬರೆದಿರುತ್ತದೆ. ಅತ್ತೆಯ ಭರಣಿಯ ಮೇಲೆ ಏನೂ ಬರೆದಿರುವುದಿಲ್ಲ. ಸುರಿಯುವುದೂ ಸ್ಟೀಲ್ ಲೋಟಕ್ಕೆ.

ಈಗ ಉರಿಯ ವಿಷಯ. ಅನ್ನನಾಳ ಹೊಟ್ಟೆಗೆ ಸೇರುವಲ್ಲಿ ಸ್ನಾಯುವಿನ ಒಂದು ಉಂಗುರವಿದೆ. ನುಂಗುವಾಗ ತೆರೆಯುತ್ತದೆ, ಉಳಿದ ಹೊತ್ತು ಸಾಮಾನ್ಯವಾಗಿ ಬಿಗಿಯಾಗಿರುತ್ತದೆ. ಆಲ್ಕೋಹಾಲ್ ಇದನ್ನು ಸಡಿಲ ಮಾಡುತ್ತದೆ. ಆಗ ಹೊಟ್ಟೆಯ ಆಮ್ಲ ಮೇಲೆ ನುಗ್ಗುತ್ತದೆ. ಹಾಗೆ ಬಂದದ್ದನ್ನು ಅನ್ನನಾಳ ಹಿಂಡಿ ಹಿಂಡಿ ಕೆಳಗೆ ತಳ್ಳಬೇಕು. ಆಲ್ಕೋಹಾಲ್ ಆ ಕೆಲಸವನ್ನೂ ಕೆಡಿಸುತ್ತದೆ. ಇಲ್ಲಿಯವರೆಗೆ ಎಲ್ಲ ಮದ್ಯವೂ ಒಂದೇ.

ವೈನ್ ಮಾಡುವ ಕಿತಾಪತಿ ಬೇರೆಯದೂ ಇದೆ. ‘ಅದು ಹುಳಿ, ಅದಕ್ಕೇ ಉರಿ’ ಅಂತ ಜನ ತಿಳಿದಿದ್ದಾರೆ. ಹುಳಿ ಹೌದು, ಅದರ ಪಿಎಚ್ 3ರಿಂದ 4ರ ಒಳಗೆ. (ಪಿಎಚ್ ಅಂದರೆ ಹುಳಿಯ ಅಳತೆ, ಅಂಕಿ ಕಡಿಮೆಯಾದಷ್ಟೂ ಹುಳಿ ಜಾಸ್ತಿ.) ಆದರೆ ಹೊಟ್ಟೆಯೊಳಗಿನ ಆಮ್ಲದ ಪಿಎಚ್ 1ರಿಂದ 2. ಅದರ ಮುಂದೆ ವೈನ್ ಎಷ್ಟರದು! ಮೊದಲೇ ಅನ್ನನಾಳ ಹುಣ್ಣಾಗಿದ್ದರೆ ಇಳಿಯುವಾಗ ಚುರುಗುಟ್ಟೀತು, ಅಷ್ಟೇ. ಮುಖ್ಯ ಸಂಗತಿ ಅಂದರೆ, ವೈನ್ ಹೊಟ್ಟೆಗೆ ಹೋಗಿ ಇನ್ನಷ್ಟು ಆಮ್ಲ ಸುರಿಸುವಂತೆ ಮಾಡುತ್ತದೆ. ಜರ್ಮನಿಯ ವೈದ್ಯರು ಬೇರೆ ಬೇರೆ ಮದ್ಯ ಕೊಟ್ಟು ಅಳೆದು ನೋಡಿದ್ದಾರೆ. ಹುದುಗಿಸಿ ಹಾಗೇ ಕುಡಿಯುವ ವೈನ್, ಬಿಯರ್ ಆಮ್ಲವನ್ನು ಜೋರಾಗಿ ಏರಿಸಿದವು. ಬಟ್ಟಿ ಇಳಿಸಿದ ವಿಸ್ಕಿಯಂಥವು ಹಾಗೆ ಏರಿಸಲಿಲ್ಲ. ಹುದುಗುವಾಗ ಹುಟ್ಟುವ ಸಕ್ಸಿನಿಕ್ ಆಮ್ಲದಂಥ ವಸ್ತುಗಳೇ ಇದಕ್ಕೆ ಕಾರಣ ಅನ್ನುತ್ತಾರೆ. ಬಟ್ಟಿ ಇಳಿಸುವಾಗ ಅವು ಹಿಂದೆಯೇ ಉಳಿದುಬಿಡುತ್ತವೆ. ಅಲ್ಲಿನದೇ ಇನ್ನೊಂದು ಪ್ರಯೋಗದಲ್ಲಿ ಕೆಂಪು ವೈನ್‌ಗಿಂತ ಬಿಳಿ ವೈನ್ ಕುಡಿದವರಿಗೆ ಆಮ್ಲ ಮೇಲೆ ಬಂದದ್ದು ಜಾಸ್ತಿ.

‘ಹಾಗಾದ್ರೆ ವಿಸ್ಕಿಗೇ ಹೋಗ್ಲಾ?’ ಅಂತ ನಗುತ್ತಾ ಕೇಳುವವರಿದ್ದಾರೆ. ಬೇಡ. ಉಂಗುರ ಅದರಿಂದಲೂ ಸಡಿಲವಾಗುತ್ತದೆ, ಜೊತೆಗೆ ಕಡು ಮದ್ಯ ಹೊಟ್ಟೆಯ ಒಳಪದರವನ್ನೇ ಕೆರೆಯುತ್ತದೆ. ವೈನ್ ಹೃದಯಕ್ಕೆ ಒಳ್ಳೆಯದಂತೆ ಅನ್ನುವವರಿಗೂ ಒಂದು ಮಾತು. ಅದು ತೊಂಬತ್ತರ ದಶಕದಲ್ಲಿ ಹಬ್ಬಿದ ಸುದ್ದಿ. ಇಷ್ಟು ಕುಡಿದರೆ ಅಪಾಯವೇ ಇಲ್ಲ ಎನ್ನುವ ಪ್ರಮಾಣ ಯಾವುದೂ ಇಲ್ಲ ಅಂತ ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲೇ ಹೇಳಿದೆ.

ನಮ್ಮ ಕಡೆ ವೈನ್ ಒಂದೇ ಬರುವುದಿಲ್ಲ ನೋಡಿ. ತೀರ್ಥಹಳ್ಳಿ ಕಡೆಯ ಹೋಂಸ್ಟೇ ಇರಲಿ, ನೆಂಟರ ತೋಟದ ಮನೆ ಇರಲಿ, ಹೊರಗೆ ಮಳೆ, ಒಳಗೆ ಹರಟೆ. ಊಟಕ್ಕೆ ಕೂರುವಾಗ ಹತ್ತೂವರೆ. ಕಡುಬು, ಕೊಬ್ಬು ತೇಲುವ ಕೋಳಿ ಸಾರು. ಕೊಬ್ಬಿನ ಊಟ ಹೊಟ್ಟೆಯಿಂದ ನಿಧಾನವಾಗಿ ಇಳಿಯುತ್ತದೆ. ತುಂಬಿದ ಹೊಟ್ಟೆ, ಸಡಿಲಾದ ಉಂಗುರ, ಅರ್ಧ ಗಂಟೆಯಲ್ಲಿ ಕಂಬಳಿ ಹೊದ್ದು ಮಲಗುವುದು. ಉರಿ ಬರದಿದ್ದರೇ ಆಶ್ಚರ್ಯ.

ಇಂಥವರಿಗೆ ಬಿಡಿ ಅಂತಲೇ ಹೇಳುತ್ತೇನೆ. ಎರಡು ಮೂರು ವಾರ ಬಿಟ್ಟು ನೋಡಿದರೆ ಎಷ್ಟೋ ಜನರಿಗೆ ಉತ್ತರ ತಾನಾಗಿ ಸಿಗುತ್ತದೆ. ಬಿಡದವರೂ ಊಟವನ್ನು ಮಲಗುವುದಕ್ಕೆ ಮೂರು ಗಂಟೆ ಮೊದಲೇ ಮುಗಿಸಲಿ. ಎಡ ಮಗ್ಗುಲಲ್ಲಿ ಮಲಗಿದರೆ ಉರಿ ಕಡಿಮೆ. ಮಂಚದ ತಲೆಯ ಕಡೆ ಕಾಲಿಗೆ ಅರ್ಧ ಅಡಿ ಮರದ ತುಂಡು ಕೊಡಿ. ದಿಂಬು ಪೇರಿಸಿದರೆ ಹೊಟ್ಟೆ ಮಡಚಿಕೊಳ್ಳುತ್ತದೆ, ಪ್ರಯೋಜನವಿಲ್ಲ.

‘ಒಂದು ಪ್ಯಾಂಟೊಪ್ರಜೋಲ್ ನುಂಗಿ ಕೂತರೆ ಆಯ್ತು’ ಅನ್ನುವ ಉಪಾಯ ನನಗೆ ಸುತರಾಂ ಇಷ್ಟವಿಲ್ಲ. ಆ ಮಾತ್ರೆ ಆಮ್ಲವನ್ನು ಕಡಿಮೆ ಮಾಡುತ್ತದೆ, ಉಂಗುರವನ್ನು ಬಿಗಿ ಮಾಡುವುದಿಲ್ಲ. ಉರಿ ಕಾಣದಿದ್ದರೆ ಇನ್ನೊಂದು ಲೋಟಕ್ಕೆ ಧೈರ್ಯ ಬರುತ್ತದೆ. ಯಕೃತ್ತಿಗೆ ಆಗುವುದು ಆಗುತ್ತಲೇ ಇರುತ್ತದೆ.

ಅಡಿಕೆ ಬೆಳೆಯುವ ಊರಿನಲ್ಲಿ ಹೇಳಿದರೆ ಬೇಸರ ಮಾಡಿಕೊಳ್ಳುತ್ತಾರೆ, ಆದರೂ ಹೇಳಬೇಕು. ಮದ್ಯದಿಂದಲೂ ಅನ್ನನಾಳದ ಕ್ಯಾನ್ಸರ್ ಬರಬಹುದು, ಎಲೆಅಡಿಕೆಯಿಂದಲೂ ಬರಬಹುದು. ಎರಡೂ ಇರುವವರು, ಅದರಲ್ಲೂ ಹೊಗೆಸೊಪ್ಪು ಹಾಕುವವರು, ನುಂಗುವಾಗ ಅನ್ನ ಸಿಕ್ಕಿಕೊಂಡ ಹಾಗಾದರೆ ಗ್ಯಾಸ್ಟ್ರಿಕ್ ಅಂತ ತಿಂಗಳುಗಟ್ಟಲೆ ಮಾತ್ರೆ ನುಂಗುತ್ತಾ ಕೂರಬಾರದು. ತೂಕ ಇಳಿಯುವುದು, ಮಲ ಟಾರಿನಂತೆ ಕಪ್ಪಾಗುವುದು, ರಕ್ತ ವಾಂತಿ, ಇವಕ್ಕೂ ಎಂಡೋಸ್ಕೋಪಿ, ಅಂದರೆ ಬಾಯಿಂದ ಕೊಳವೆ ಇಳಿಸಿ ಒಳಗೆ ನೋಡುವ ಪರೀಕ್ಷೆ, ಬೇಕೇ ಬೇಕು.

ಇನ್ನು ಎದೆ ಉರಿಯ ಜೊತೆಗೆ ಬೆವರು, ಉಸಿರಿನ ಕಷ್ಟ, ದವಡೆಗೋ ಎಡತೋಳಿಗೋ ಹರಿಯುವ ನೋವು ಇದ್ದರೆ ಅದನ್ನು ವೈನ್ ತಲೆಗೆ ಕಟ್ಟಬೇಡಿ. ಹೃದಯಾಘಾತವೂ ಹೀಗೇ ಬರುತ್ತದೆ. ಸಕ್ಕರೆ ಕಾಯಿಲೆ ಇರುವವರಲ್ಲಂತೂ ಬರೀ ಉರಿಯಾಗಿ, ಸುಸ್ತಾಗಿ ಬಂದು ಮೋಸ ಮಾಡುತ್ತದೆ. ಬೆಳಗಾಗಲಿ ಅಂತ ಕಾಯದೆ 108ಕ್ಕೆ ಫೋನ್ ಮಾಡಿ. ಹತ್ತಿರದ ಆಸ್ಪತ್ರೆಯಲ್ಲಿ ಮೊದಲು ಇಸಿಜಿ ಆಗಲಿ.