ಓದುಗರ ಪ್ರಶ್ನೆ: ಗುಡ್ಡಕ್ಕೆ ಬೀಜದ ಹುಣಸೆ, ತೋಟಕ್ಕೆ ಕಸಿ ಹುಣಸೆ ಏಕೆ?

ಪ್ರಶ್ನೆ: ನಮ್ಮದು ಹಿರಿಯೂರು ತಾಲ್ಲೂಕು. ಊರಿನವರೇ ಸೇರಿ ನಡೆಸುವ ನರ್ಸರಿಯಲ್ಲಿ ಗುಡ್ಡಕ್ಕೆ ನೆಡಲು ಬೀಜದ ಹುಣಸೆ ಸಸಿಗಳನ್ನು ಅಗ್ಗವಾಗಿ ಕೊಡುತ್ತಾರೆ. ತೋಟಕ್ಕೆಂದು ಕೇಳಿದರೆ ಮಾತ್ರ ಹಲವು ಪಟ್ಟು ಬೆಲೆಯ ಕಸಿ ಸಸಿಯನ್ನೇ ಒಯ್ಯಿರಿ ಎನ್ನುತ್ತಾರೆ. ಎರಡೂ ಹುಣಸೆಯೇ ಆಗಿರುವಾಗ ಈ ಭೇದವೇಕೆ?

ಉತ್ತರ: ನರ್ಸರಿಯವರು ಹೇಳುವುದು ಸರಿಯಾಗಿದೆ. ಹುಣಸೆಯ ಹೂವು ಹೆಚ್ಚಾಗಿ ಬೇರೆ ಮರದ ಪರಾಗದಿಂದ ಕಾಯಿ ಕಟ್ಟುವುದರಿಂದ, ಒಂದೇ ಮರದ ಬೀಜಗಳಿಂದ ಹುಟ್ಟಿದ ಸಸಿಗಳೂ ತಾಯಿಮರವನ್ನು ಹೋಲುತ್ತವೆಂಬ ಭರವಸೆಯಿಲ್ಲ. ಒಂದರ ಕಾಯಿಯಲ್ಲಿ ತಿರುಳು ತುಂಬಿದ್ದರೆ ಇನ್ನೊಂದರಲ್ಲಿ ನಾರು, ಬೀಜಗಳೇ ಹೆಚ್ಚಾಗಿರಬಹುದು. ಬೀಜದ ಮರ ಫಲಕ್ಕೆ ಬರಲು ಸಾಮಾನ್ಯವಾಗಿ 8ರಿಂದ 10 ವರ್ಷ ಬೇಕಾಗುವುದರಿಂದ ಈ ವ್ಯತ್ಯಾಸ ರೈತನಿಗೆ ತಿಳಿಯುವುದೂ ಆಗಲೇ. ಕಸಿ ಸಸಿಯಾದರೋ ಆಯ್ದ ಮರದ ಗುಣವನ್ನೇ ಹೊತ್ತು ಬರುತ್ತದೆ, 4–5 ವರ್ಷಗಳಲ್ಲಿ ಕಾಯಿ ಬಿಡಲಾರಂಭಿಸುತ್ತದೆ.

ಗುಡ್ಡದಲ್ಲಿ ಇದೇ ಲೆಕ್ಕ ತಿರುಗುಮುರುಗಾಗುತ್ತದೆ. ಅಲ್ಲಿ ಎಲ್ಲ ಮರಗಳೂ ಒಂದೇ ತಾಯಿಯ ಪಡಿಯಚ್ಚಾಗಿದ್ದರೆ, ಒಂದನ್ನು ಕೆಡವಿದ ಬರ ಅಥವಾ ಕೀಟ ಉಳಿದವನ್ನೂ ಕೆಡವೀತು. ಆದ್ದರಿಂದ ದೂರದೂರದ ಹಲವು ಮರಗಳಿಂದ ಬೀಜ ಆಯ್ದು ಬೆರೆಸುವುದೇ ಒಳ್ಳೆಯ ಕ್ರಮ. ರಸ್ತೆಬದಿಯ ಒಂದೇ ಮರದಡಿ ಚೀಲ ತುಂಬಿಸಿಕೊಳ್ಳುವುದು ಸುಲಭ, ಆದರೆ ಅದು ಕಾಡಿಗೆ ಮಾಡುವ ಉಪಕಾರವಲ್ಲ. ಗುಡ್ಡಕ್ಕೆ ಹುಣಸೆಯ ಜೊತೆ ಬೇರೆ ಮರ ನೆಡುವುದಾದರೆ ಅವುಗಳ ಸ್ವಭಾವವೂ ಬೇರೆ. ಬೇವಿನ ಬೀಜವಾದರೆ ಕೆಲವೇ ವಾರಗಳಲ್ಲಿ ಮೊಳಕೆಯ ಶಕ್ತಿ ಕಳೆದುಕೊಳ್ಳುವುದರಿಂದ ಹಣ್ಣು ಉದುರುತ್ತಿದ್ದಂತೆಯೇ ಬಿತ್ತಬೇಕು. ನಮ್ಮ ಒಣನಾಡಿನ ಕಾಡುಮರವಾದ ಕಮರದ ಸಸಿಯು ಮೇಲಕ್ಕೆ ಬೆಳೆಯುವ ಮೊದಲು ತಾಯಿಬೇರನ್ನು ಆಳಕ್ಕೆ ಇಳಿಸುತ್ತದೆ. ಸಣ್ಣ ಚೀಲದಲ್ಲಿ ಬಹುಕಾಲ ಇಟ್ಟರೆ ಬೇರು ತಳದಲ್ಲಿ ಸುರುಳಿ ಸುತ್ತಿಕೊಂಡು, ನೆಟ್ಟ ಮೇಲೂ ಕೆಳಕ್ಕಿಳಿಯದೆ ಬೇಸಿಗೆಯಲ್ಲಿ ಸೋಲುತ್ತದೆ.

ಇನ್ನು ಬೆಲೆಯ ವಿಚಾರ. ನೀವು ದುಬಾರಿ ಎನ್ನುವ ಕಸಿ ಸಸಿಯ ಬುಡದಲ್ಲಿರುವುದೂ ಆ ಅಗ್ಗದ ಬೀಜದ ಹುಣಸೆಯೇ. ಅದನ್ನು ತಿಂಗಳುಗಟ್ಟಲೆ ಸಾಕಿ, ಆಯ್ದ ಮರದಿಂದ ಕುಡಿಕಡ್ಡಿ ತಂದು, ಕೈ ಪಳಗಿದವರಿಂದ ಕಸಿ ಕಟ್ಟಿಸಬೇಕು. ಕಟ್ಟಿದ್ದರಲ್ಲಿ ಕೂಡದೆ ಒಣಗಿದವುಗಳ ಖರ್ಚನ್ನೂ ಕೂಡಿದವುಗಳೇ ಹೊರಬೇಕು. ತಳಿಯ ಬಗ್ಗೆ ನಿಮ್ಮ ಸಮೀಪದ ಬಬ್ಬೂರು ಫಾರಂನ ಸಂಶೋಧನಾ ಕೇಂದ್ರದಲ್ಲಿ ವಿಚಾರಿಸುವುದು ಒಳಿತು.

ಅದೇ ನರ್ಸರಿಯಿಂದ ದಾಳಿಂಬೆಯನ್ನೂ ಕೊಳ್ಳುವುದಾದರೆ ಇನ್ನಷ್ಟು ಎಚ್ಚರ ಬೇಕು. ದಾಳಿಂಬೆಯನ್ನು ಸಾಮಾನ್ಯವಾಗಿ ಗೂಟಿ ಕಟ್ಟಿ, ಅಂದರೆ ಗಿಡದಲ್ಲಿರುವಾಗಲೇ ಕೊಂಬೆಗೆ ಬೇರು ಬರಿಸಿ ಕತ್ತರಿಸಿಕೊಂಡು, ಬೆಳೆಸುತ್ತಾರೆ. ದುಂಡಾಣು ಅಂಗಮಾರಿ ತಗುಲಿದ ತೋಟದ ಗೂಟಿಯಾದರೆ ರೋಗವೂ ಸಸಿಯೊಡನೆ ನಿಮ್ಮ ಹೊಲಕ್ಕೆ ಬರುತ್ತದೆ. ಗೂಟಿ ಯಾವ ತೋಟದ್ದೆಂದು ಹೇಳಲಾಗದ ನರ್ಸರಿ, ಅದು ನಿಮ್ಮ ಊರಿನದೇ ಆಗಿದ್ದರೂ, ಅಲ್ಲಿ ದಾಳಿಂಬೆ ಕೊಳ್ಳಬೇಡಿ.

ಕಸಿ ಹುಣಸೆಯನ್ನು ನೆಡುವಾಗ ಕಸಿಯ ಗಂಟು ಮಣ್ಣಿನಿಂದ ಮೇಲಿರಲಿ, ಗಂಟಿನ ಕೆಳಗಿನ ಚಿಗುರನ್ನು ಆಗಾಗ ಚಿವುಟುತ್ತಿರಿ. ಮೇಕೆ ಮೇಲಿನ ಕುಡಿಯನ್ನು ಗಂಟಿನವರೆಗೂ ಮೇಯ್ದು ಹೋದರೆ ಬುಡದಿಂದ ಸೊಂಪಾಗಿ ಚಿಗುರುವುದು ಬೀಜದ ಹುಣಸೆ. ಗಿಡ ಬದುಕಿತೆಂದು ಬೇಲಿಯನ್ನು ಮರೆತವರು ಕಸಿಯ ಬೆಲೆ ತೆತ್ತು ಗುಡ್ಡದ ಸಸಿಯನ್ನೇ ಸಾಕಿದಂತಾಗುತ್ತದೆ.