ಹಿತ್ತಲಿನ ಟರ್ಫ್ ಅಂಕಣ: ಹುಲ್ಲಿನ ಆಯ್ಕೆ ಕೊನೆಗಿರಲಿ

ಹಿತ್ತಲಿನಲ್ಲಿ ಕೃತಕ ಹುಲ್ಲಿನ ಆಟದ ಅಂಕಣ ಮಾಡಿಸಬೇಕೆಂದು ಬರುವವರಲ್ಲಿ ಹೆಚ್ಚಿನವರು ಮೊದಲು ವಿಚಾರಿಸುವುದು ಟರ್ಫ್‌ನ ಬಣ್ಣ ಮತ್ತು ಮೃದುತ್ವವನ್ನು. ಮಾದರಿಯ ತುಂಡನ್ನು ಅಂಗೈಯಿಂದ ಸವರಿ ನೋಡಿ, ಅರ್ಧ ತೀರ್ಮಾನವನ್ನು ಅಲ್ಲಿಯೇ ಮಾಡಿಬಿಡುತ್ತಾರೆ. ಈ ಕೆಲಸ ಇದರ ತಿರುವುಮುರುವಾಗಿ ಸಾಗಬೇಕೆಂಬುದು ನನ್ನ ಅನುಭವ. ಯಾವ ಆಟ, ನೀರು ಎತ್ತ ಹರಿಯಬೇಕು, ತಳ ಎಂಥದು ಎಂಬ ಮೂರು ಪ್ರಶ್ನೆಗಳು ಇತ್ಯರ್ಥವಾದರೆ ಹುಲ್ಲಿನ ಆಯ್ಕೆ ತಾನಾಗಿಯೇ ಎರಡು ಮೂರು ಬಗೆಗಳಿಗೆ ಬಂದು ನಿಲ್ಲುತ್ತದೆ.

ಆಟದ ಪ್ರಶ್ನೆ ಕಾಣುವಷ್ಟು ಸುಲಭವಲ್ಲ. ಬ್ಯಾಸ್ಕೆಟ್‌ಬಾಲ್ ಚೆಂಡು ಹುಲ್ಲಿನ ಮೇಲೆ ಸರಿಯಾಗಿ ಪುಟಿಯುವುದಿಲ್ಲ, ಪಿಕಲ್‌ಬಾಲ್‌ನ ಹಗುರ ಚೆಂಡಿನ ಪಾಡೂ ಅದೇ. ಇವೇ ಮುಖ್ಯವಾದರೆ ಗಟ್ಟಿ ನೆಲವೇ ಲೇಸೆಂದು ನಾನು ನೇರವಾಗಿ ಹೇಳುತ್ತೇನೆ. ಟೆನಿಸ್‌ಗೆ ಮರಳು ತುಂಬಿದ ಗಿಡ್ಡ ಎಳೆಯ ಟರ್ಫ್ ಒಗ್ಗುತ್ತದೆ, ಫುಟ್‌ಬಾಲ್‌ಗೆ ಉದ್ದ ಎಳೆ ಬೇಕು. ಅಳತೆಯನ್ನೂ ಈ ಹಂತದಲ್ಲೇ ನೋಡಬೇಕು: ಬ್ಯಾಡ್ಮಿಂಟನ್ ಡಬಲ್ಸ್ ಅಂಕಣ 13.40 ಮೀಟರ್ ಉದ್ದ, 6.10 ಮೀಟರ್ ಅಗಲವಿದ್ದರೆ ಟೆನಿಸ್ ಅಂಕಣ 23.77 ಮೀಟರ್ ಉದ್ದ, 10.97 ಮೀಟರ್ ಅಗಲವಿರುತ್ತದೆ. ಇವೆಲ್ಲ ಗೆರೆಗಳ ಒಳಗಿನ ಅಳತೆಗಳು. ಓಡಿ ನಿಲ್ಲುವುದಕ್ಕೆ ಗೆರೆಯಾಚೆ ಬೇಕಾಗುವ ಜಾಗವನ್ನು ಲೆಕ್ಕಕ್ಕೆ ಹಿಡಿಯದಿದ್ದರೆ ಆಡುವವರು ಬೇಲಿಗೇ ಹೋಗಿ ಡಿಕ್ಕಿ ಹೊಡೆಯಬೇಕಾಗುತ್ತದೆ.

ಇನ್ನು ನೀರಿನ ವಿಷಯ. 100 ಚದರ ಮೀಟರಿನ ಅಂಕಣದ ಮೇಲೆ ಒಂದು ಸೆಂಟಿಮೀಟರ್ ಮಳೆ ಬಿದ್ದರೆ ಅದು 1,000 ಲೀಟರ್ ನೀರು. ಟರ್ಫ್‌ನ ಹಿಂಬದಿಯಲ್ಲಿ ರಂಧ್ರಗಳಿವೆಯಲ್ಲ, ಎಲ್ಲವೂ ಇಳಿದುಹೋಗುತ್ತದೆ ಎಂದು ಮಾರುವವರು ಹೇಳುವುದು ಸುಳ್ಳಲ್ಲ. ಆದರೆ ಇಳಿದ ನೀರು ಮುಂದೆಲ್ಲಿಗೆ ಹೋಗಬೇಕೆಂಬುದಕ್ಕೆ ಆ ರಂಧ್ರಗಳಲ್ಲಿ ಉತ್ತರವಿಲ್ಲ. ಜೇಡಿಮಣ್ಣಿನ ಹಿತ್ತಲಾದರೆ ಅದು ತಳದಲ್ಲೇ ನಿಂತು ಜಲ್ಲಿಯನ್ನು ಸಡಿಲಗೊಳಿಸುತ್ತದೆ. ಆದ್ದರಿಂದ ಮನೆಯ ಗೋಡೆಯಿಂದ ದೂರಕ್ಕೆ, ಮೀಟರಿಗೆ ಸುಮಾರು ಒಂದು ಸೆಂಟಿಮೀಟರಿನಂತೆ ವಾಟ ಕೊಟ್ಟು, ತಗ್ಗಿನ ಅಂಚಿನುದ್ದಕ್ಕೂ ತೂತುಗಳಿರುವ ಕೊಳವೆಯನ್ನು ಜಲ್ಲಿಯೊಳಗೆ ಹೂತು, ಅದರ ಬಾಯನ್ನು ನೀರು ಹೋಗಬಹುದಾದ ಜಾಗಕ್ಕೆ ಬಿಡಬೇಕು. ಇಷ್ಟು ವಾಟ ಆಡುವವರ ಕಾಲಿಗೆ ತಿಳಿಯುವುದಿಲ್ಲ.

ತಳದ ಕೆಲಸಕ್ಕೆ ಹೆಚ್ಚು ಸಮಯ ಹಿಡಿಯುತ್ತದೆ, ಹಿಡಿಯಲೂಬೇಕು. ಮೇಲ್ಮಣ್ಣು ಮತ್ತು ಬೇರುಗಳನ್ನೆಲ್ಲ ತೆಗೆದು, ಅಡಿಯ ನೆಲವನ್ನು ದಮ್ಮಸ್ಸು ಮಾಡಿ, ಮಣ್ಣು ಜಲ್ಲಿಯೊಂದಿಗೆ ಬೆರೆಯದಂತೆ ಜಿಯೋಟೆಕ್ಸ್‌ಟೈಲ್ ಬಟ್ಟೆ ಹಾಸಿ, ಅದರ ಮೇಲೆ ಸುಮಾರು 15 ಸೆಂಟಿಮೀಟರ್ ದಪ್ಪಕ್ಕೆ ಸಣ್ಣದು ದೊಡ್ಡದು ಬೆರೆತ ಜಲ್ಲಿಯನ್ನು ಎರಡು ಪದರಗಳಾಗಿ ಹರಡಿ, ಪ್ರತಿ ಪದರಕ್ಕೂ ಹದವಾಗಿ ನೀರು ಚಿಮುಕಿಸಿ ಯಂತ್ರದಿಂದ ಅದುಮಿಸುತ್ತೇವೆ. ಮೇಲೆ ಎರಡು ಮೂರು ಸೆಂಟಿಮೀಟರ್ ಕಲ್ಲುಪುಡಿ. ಅದರ ಮೇಲೆ ನಡೆದರೆ ಹೆಜ್ಜೆಯ ಗುರುತು ಉಳಿಯಬಾರದು; ಮೂರು ಮೀಟರಿನ ನೇರ ಅಲ್ಯೂಮಿನಿಯಂ ಪಟ್ಟಿಯನ್ನು ಎತ್ತ ಇಟ್ಟರೂ ಅಡಿಯಲ್ಲಿ ಕಿರುಬೆರಳ ತುದಿ ನುಸುಳುವಷ್ಟು ಸಂದು ಕಾಣಬಾರದು. ಇತ್ತೀಚೆಗೆ ಕೊಳವೆ ಹಾಕಲು ಅಗೆದು ಮುಚ್ಚಿದ ಜಾಗವಿದ್ದರೆ ಮನೆಯವರು ಅದನ್ನು ಮೊದಲೇ ತಿಳಿಸುವುದು ಒಳಿತು. ಸರಿಯಾಗಿ ದಮ್ಮಸ್ಸಾಗದ ಅಂತಹ ಕಾಲುವೆ ಕೆಲವು ಮಳೆಗಳಲ್ಲೇ ಕುಸಿದು, ಅಂಕಣದ ಅಡ್ಡಕ್ಕೆ ಉದ್ದನೆಯ ತಗ್ಗಾಗಿ ಎದ್ದು ಕಾಣುತ್ತದೆ. ಆಮೇಲೆ ಟರ್ಫ್ ಎತ್ತದೆ ಅದನ್ನು ಸರಿಪಡಿಸಲಾಗದು. ಹಳೆಯ ಕಾಂಕ್ರೀಟ್ ನೆಲವಿದ್ದು ಅದಕ್ಕೆ ಸರಿಯಾದ ವಾಟವಿದ್ದರೆ ಅದನ್ನೇ ಬಳಸಬಹುದು, ಆದರೆ ಬಿದ್ದ ಮಕ್ಕಳಿಗೆ ಪೆಟ್ಟು ಕಡಿಮೆಯಾಗುವಂತೆ ನಡುವೆ ಫೋಮ್‌ನ ಪದರ ಹಾಕಿಸಬೇಕು.

ಟರ್ಫ್ ಸುರುಳಿಗಳನ್ನು ಬಿಚ್ಚಿ ಕೆಲವು ಗಂಟೆ ಬಿಸಿಲಿಗೆ ಬಿಟ್ಟರೆ ಸುಕ್ಕು ತಾನಾಗಿ ಹೋಗುತ್ತದೆ. ಎಲ್ಲ ಸುರುಳಿಗಳ ಎಳೆಗಳೂ ಒಂದೇ ದಿಕ್ಕಿಗೆ ವಾಲಿರಬೇಕು, ಇಲ್ಲದಿದ್ದರೆ ಒಂದೇ ಹಸಿರು ಎರಡು ಬಣ್ಣವಾಗಿ ಕಾಣುತ್ತದೆ. ಕೈಚಳಕ ಬೇಕಾಗುವುದು ಜೋಡಣೆಯಲ್ಲಿ. ಅಂಚಿನ ಎರಡು ಸಾಲು ಎಳೆಗಳನ್ನು ಹಿಂಬದಿಯಿಂದ ಕತ್ತರಿಸಿ ತೆಗೆದು, ಎರಡು ತುಂಡುಗಳ ನಡುವಿನ ಸಂದನ್ನು ಸಾಲುಗಳ ನಡುವಿನ ಅಂತರಕ್ಕೆ ಸರಿಹೊಂದಿಸಿ, ಅಡಿಯಲ್ಲಿ ಜೋಡಣೆಯ ಪಟ್ಟಿ ಹಾಸಿ ಅದರ ಮೇಲೆ ಅಂಟು ಬಳಿಯುತ್ತೇವೆ. ಬಳಿಕ ಒಂದು ಬದಿಯನ್ನು ಇಳಿಸಿ, ಇನ್ನೊಂದನ್ನು ಬೆರಳುಗಳಿಂದ ಎಳೆಗಳನ್ನು ಮೇಲೆತ್ತಿ ಹಿಡಿಯುತ್ತಾ ಗೇಣು ಗೇಣಾಗಿ ಕೂರಿಸಬೇಕು. ಅವಸರದಲ್ಲಿ ಎಳೆಗಳು ಅಂಟಿಗೆ ಸಿಕ್ಕಿಕೊಂಡರೆ ಅಲ್ಲಿ ಬೈತಲೆ ತೆಗೆದಂತೆ ಗೆರೆ ಮೂಡುತ್ತದೆ. ಮೋಡ ಕವಿದು ಮಳೆಯ ಲಕ್ಷಣವಿದ್ದ ದಿನ ಈ ಕೆಲಸವನ್ನು ಮುಂದೂಡಿದರೆ ಗುತ್ತಿಗೆದಾರನ ಮೇಲೆ ಸಿಟ್ಟಾಗಬೇಡಿ.

ಎಳೆಗಳ ನಡುವೆ ತುಂಬಲು ತೊಳೆದು ಒಣಗಿಸಿದ, ದುಂಡು ಕಣಗಳ ಸಿಲಿಕಾ ಮರಳನ್ನೇ ನಾನು ಸೂಚಿಸುತ್ತೇನೆ. ಒಂದೇ ಸಲಕ್ಕೆ ಸುರಿಯದೆ, ತೆಳುವಾಗಿ ಹರಡಿ ಬ್ರಷ್ ಮಾಡುತ್ತಾ ಹೋಗಬೇಕು. ಹಳೆಯ ಟೈರುಗಳ ರಬ್ಬರ್ ಹರಳು ಮನೆಯ ಹಿತ್ತಲಿಗೆ ಬೇಡವೆಂದು ನನ್ನ ಅಭಿಪ್ರಾಯ: ಅದು ಚಪ್ಪಲಿಗೆ ಅಂಟಿ ಮನೆಯೊಳಗೆ ಬರುತ್ತದೆ, ಬಿಸಿಲಿಗೆ ಹೆಚ್ಚು ಕಾಯುತ್ತದೆ, ಮಳೆಗೆ ಕೊಚ್ಚಿಹೋಗಿ ಮಣ್ಣು ಸೇರುತ್ತದೆ. ಐರೋಪ್ಯ ಒಕ್ಕೂಟವು 2023ರಲ್ಲಿ ತಂದ ಸೂಕ್ಷ್ಮ ಪ್ಲಾಸ್ಟಿಕ್ ನಿಯಮದ ಪ್ರಕಾರ ಇಂತಹ ಹರಳುಗಳ ಮಾರಾಟ ಅಲ್ಲಿ 2031ರ ಅಕ್ಟೋಬರ್‌ನಿಂದ ನಿಲ್ಲಲಿದೆ.

ಬಿಸಿಲಿನ ಮಾತು ಬಂದಿದ್ದರಿಂದ ಹೇಳುತ್ತೇನೆ: ಸುಡುಬಿಸಿಲಿನಲ್ಲಿ ಕೃತಕ ಹುಲ್ಲಿನ ಮೇಲ್ಮೈ 60 ಡಿಗ್ರಿ ಸೆಲ್ಸಿಯಸ್ ದಾಟಬಲ್ಲದು. ನೀರು ಚಿಮುಕಿಸಿದರೆ ತಣಿಯುತ್ತದೆ, ಆದರೆ ಸ್ವಲ್ಪ ಹೊತ್ತಿಗೆ ಮಾತ್ರ. ಚಿಕ್ಕ ಮಕ್ಕಳನ್ನು ಮಧ್ಯಾಹ್ನ ಬರಿಗಾಲಲ್ಲಿ ಬಿಡಬಾರದು. ಶಾಖ ತಡೆಯುವ ಲೇಪನದ ಕಿಟಕಿ ಗಾಜುಗಳು ಎದುರಿಗಿದ್ದರೆ ಅವುಗಳಿಂದ ಪ್ರತಿಫಲಿಸಿದ ಬಿಸಿಲು ಒಂದೆಡೆ ಬಿದ್ದು ಎಳೆಗಳು ಕರಗುವುದೂ ಉಂಟು, ಆದಕಾರಣ ಬೆಳಕು ಎಲ್ಲಿ ಬೀಳುತ್ತದೆಂದು ಒಂದು ದಿನವಿಡೀ ಗಮನಿಸಿ ಜಾಗ ಗುರುತಿಸಬೇಕು.

ನಿರ್ವಹಣೆ ಹೆಚ್ಚೇನಿಲ್ಲ. ಉದುರಿದ ಎಲೆಗಳನ್ನು ಕೊಳೆಯುವ ಮೊದಲು ಗುಡಿಸುವುದು, ಆಗಾಗ ಎಳೆಗಳು ವಾಲಿದ ದಿಕ್ಕಿಗೆ ಎದುರಾಗಿ ಬ್ರಷ್ ಎಳೆಯುವುದು, ಮರಳು ತೆಳುವಾದ ಕಡೆ ಮತ್ತೆ ತುಂಬುವುದು ಸಾಕು. ಕೆಲಸ ಮುಗಿದ ದಿನ ಉಳಿದ ಟರ್ಫ್ ತುಂಡುಗಳನ್ನು ಮಾತ್ರ ಗುತ್ತಿಗೆದಾರ ಒಯ್ಯದಂತೆ ನೋಡಿಕೊಳ್ಳಿ: ಮುಂದೆ ತೇಪೆ ಹಾಕಬೇಕಾಗಿ ಬಂದಾಗ ಬೇರೆ ಕಂತಿನಲ್ಲಿ ತಯಾರಾದ ಟರ್ಫ್‌ನ ಹಸಿರು ಇದಕ್ಕೆ ಹೊಂದುವುದು ಅಪರೂಪ.