ದೋಣಿ ಹತ್ತುವ ಇಲಿ

ಮುರ್ಡೇಶ್ವರದಿಂದ ಕಡಲಲ್ಲಿರುವ ನೇತ್ರಾಣಿ ದ್ವೀಪ ಸುಮಾರು 19 ಕಿ.ಮೀ. ಮನೆ ಮಾಡಿನಲ್ಲಿ ಓಡಾಡುವ ಕಪ್ಪು ಇಲಿಗೆ ಒಂದು ಕಿಲೋಮೀಟರ್ ಈಜುವುದೂ ಕಷ್ಟ. ಅಲ್ಲಿಗೆ ಇಲಿ ಬಂತೆಂದರೆ ದೋಣಿಯಲ್ಲೇ ಬಂದಿರಬೇಕು. ಬಿಳಿಹೊಟ್ಟೆಯ ಕಡಲ ಹದ್ದು ಗೂಡು ಕಟ್ಟುವ, ಗುಹೆಯಲ್ಲಿ ಸ್ವಿಫ್ಟ್‌ಲೆಟ್ ಹಕ್ಕಿ ಮರಿ ಮಾಡುವ ಇಂಥ ಜಾಗ ಹಾಳಾಗಲು ಬಸಿರಾದ ಒಂದೇ ಹೆಣ್ಣಿಲಿ ಸಾಕು. ಮೂರು ವಾರಕ್ಕೆ ಅದು ಮರಿ ಹಾಕುತ್ತದೆ, ಇಲಿಗಳು ಹಕ್ಕಿಯ ಮೊಟ್ಟೆ, ಮರಿ ತಿನ್ನುತ್ತವೆ. ಸ್ವಿಫ್ಟ್‌ಲೆಟ್ ಒಂದು ಸಲಕ್ಕೆ ಇಡುವುದು ಎರಡೇ ಮೊಟ್ಟೆ.

ಬಂದ ಮೇಲೆ ನಿರ್ಮೂಲ ಮಾಡುವುದು ನಮ್ಮಂಥ ಸೆಖೆಯ ಸೀಮೆಯಲ್ಲಿ ಬಹಳ ಕಷ್ಟ. ಚಳಿ ದೇಶಗಳಲ್ಲಿ ಚಳಿಗಾಲಕ್ಕೆ ಹಸಿದ ಇಲಿ ವಿಷದ ತಿನಿಸಿಗೆ ಬಾಯಿ ಹಾಕುತ್ತದೆ. ಇಲ್ಲಿ ವರ್ಷವಿಡೀ ಹಣ್ಣು, ಹುಳ ಸಿಗುತ್ತವೆ. ಸಾಲದ್ದಕ್ಕೆ ಏಡಿಗಳು ವಿಷವನ್ನು ತಿಂದು ಮುಗಿಸುತ್ತವೆ. ರಕ್ತ ಹೆಪ್ಪುಗಟ್ಟದಂತೆ ಮಾಡುವ ಈ ವಿಷ ಏಡಿಗೆ ತಾಗುವುದಿಲ್ಲ, ಇಲಿಯ ಪಾಲಿಗೆ ಉಳಿಯುವುದೂ ಇಲ್ಲ. ಹವಾಯಿಯ ಲೇಹುವಾ ದ್ವೀಪದಲ್ಲಿ 2009ರ ಪ್ರಯತ್ನ ಕೈಕೊಟ್ಟು, 2017ರಲ್ಲಿ ಮತ್ತೆ ಮೊದಲಿನಿಂದ ಮಾಡಬೇಕಾಯಿತು. ವಿಷ ತಿಂದ ಇಲಿಯನ್ನು ಹದ್ದು ಎತ್ತಿಕೊಂಡರೆ ಹದ್ದಿಗೂ ಕುತ್ತು. ಅಂಗಡಿಯ ಇಲಿಪಾಷಾಣ ತಂದು ದ್ವೀಪದಲ್ಲಿ ಎರಚುವ ಕೆಲಸ ಯಾರೂ ಮಾಡಕೂಡದು.

ತಡೆಯುವ ಜಾಗ ಬಂದರು. ರಾತ್ರಿ ದಕ್ಕೆಗೆ ಕಟ್ಟಿದ ದೋಣಿಗೆ ಇಲಿ ಹಗ್ಗದ ಮೇಲೆ ನಡೆದು ಬರುತ್ತದೆ, ಹಗ್ಗಕ್ಕೆ ಅಗಲ ತಗಡಿನ ಬಿಲ್ಲೆ ಹಾಕಿ. ಬಲೆ, ತಾಡಪಾಲು, ಲೈಫ್ ಜಾಕೆಟ್‌ಗಳ ರಾಶಿಯನ್ನು ಹೊರಡುವ ಮುನ್ನ ಬಿಡಿಸಿ ಕೊಡವಿ. ತಿನ್ನುವ ಸಾಮಾನು ಗೋಣಿಯಲ್ಲಿ ಬೇಡ, ಮುಚ್ಚಳದ ಡ್ರಮ್ಮಿನಲ್ಲಿರಲಿ. ಕಾರವಾರದ ಕೂರ್ಮಗಡ ದ್ವೀಪಕ್ಕೆ ನರಸಿಂಹ ಜಾತ್ರೆಯ ದಿನ ಬಾಳೆಗೊನೆ ಹೊತ್ತ ದೋಣಿಗಳು ಹೋಗುತ್ತವೆ. ಗೊನೆಯ ಸಂದಿಯನ್ನು ದೋಣಿ ಹೊರಡುವ ಬೈತಖೋಲ ಬಂದರಿನಲ್ಲೇ ನೋಡಿಕೊಳ್ಳಿ. ಸಿಪ್ಪೆ, ಉಳಿದ ಪ್ರಸಾದ ಅಲ್ಲಿ ಬಿಡದೆ ವಾಪಸ್ ತನ್ನಿ.

ದ್ವೀಪಕ್ಕೆ ಇಲಿ ಬಂದಿದೆಯೇ ಎಂದು ತಿಳಿಯಲು ವಿಷವಿಲ್ಲದ ಮೇಣದ ತುಂಡು ಸಾಕು. ಕರಗಿಸಿದ ಮೇಣಕ್ಕೆ ಅರೆದ ಶೇಂಗಾ ಕಲಸಿ, ಬೆಂಕಿಪೆಟ್ಟಿಗೆಯಷ್ಟು ದೊಡ್ಡ ತುಂಡು ಮಾಡಿ. ದೋಣಿಯಿಂದ ಇಳಿಯುವ ಜಾಗದ ಸುತ್ತ 25 ಮೀಟರಿಗೊಂದರಂತೆ ಮರಕ್ಕೆ ತಂತಿಯಲ್ಲಿ ಕಟ್ಟಿ. ನೆಲದಲ್ಲಿಟ್ಟರೆ ಏಡಿ ಬಿಡುವುದಿಲ್ಲ. ಇಲಿ ಕಚ್ಚಿದ್ದರೆ ಮೇಣದಲ್ಲಿ ಒತ್ತೊತ್ತಾಗಿ ಜೋಡಿ ಗೀರು ಬೀಳುತ್ತದೆ, ಜೋಡಿಯ ಅಗಲ 3–4 ಮಿ.ಮೀ.; ಏಡಿ ಚಿವುಟಿದ ಗುರುತು ಅಡ್ಡಾದಿಡ್ಡಿ. ಹಿಕ್ಕೆಯ ತುದಿ ಬೆಳ್ಳಗಿದ್ದರೆ ಅದು ಹಲ್ಲಿಯದು, ಗಾಬರಿ ಬೇಡ. ಜೋಡಿ ಗೀರು ಕಂಡರೆ ಮಾತ್ರ ಫೋಟೊ ತೆಗೆದು ಅಂದೇ ಅರಣ್ಯ ಇಲಾಖೆಗೆ ತಿಳಿಸಿ.

ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ, ಕಡಲೂ ಒರಟು. ಆ ಎರಡು ತಿಂಗಳು ದ್ವೀಪವನ್ನು ನೋಡುವವರಿಲ್ಲ. ಮೇ ಕೊನೆಗೆ ಹೊಸ ತುಂಡು ಕಟ್ಟಿ ಬನ್ನಿ. ಆಗಸ್ಟಿನ ಮೊದಲ ದೋಣಿಯವರು ಬೇರೆ ಕೆಲಸಕ್ಕೆ ಕೈಹಾಕುವ ಮುಂಚೆ ಅದನ್ನೇ ನೋಡಲಿ.